ತುಂಬು ಬಿಡಿಸುವ ಕೈ

ಚಂದ್ರಪ್ಪ ಮಾಸ್ತರರು ಶೇಖವ್ವನನ್ನು ಮೊದಲು ಕಂಡದ್ದು ಬ್ಯಾಡಗಿಯ ಶಾಲೆಯಲ್ಲಿ, ಒಂದನೆಯ ಇಯತ್ತೆಗೆ ಮಕ್ಕಳ ಹೆಸರು ಹಚ್ಚುವ ಜೂನ್ ತಿಂಗಳ ಒಂದು ಮುಂಜಾನೆ. ಮಗಳು ದುರ್ಗಾ ಬಾಗಿಲಿನ ಚೌಕಟ್ಟನ್ನು ಅಪ್ಪಿಕೊಂಡು ಅಳುತ್ತಿದ್ದಳು. ತಾಯಿಯು ಬಗ್ಗಿ, ಎರಡೂ ಅಂಗೈಗಳನ್ನು ದೂರ ಹಿಡಿದು, ಮಗುವಿನ ಕಣ್ಣನ್ನು ತನ್ನ ತೋಳಿನಿಂದ ಒರಸಿದಳು. ಅಂಗೈ ಇದ್ದೂ ತೋಳಿನಿಂದ ಒರಸುವ ತಾಯಿಯನ್ನು ಮಾಸ್ತರರು ಅದುವರೆಗೆ ನೋಡಿರಲಿಲ್ಲ. ರಜಿಸ್ಟರನ್ನು ಅವಳ ಕಡೆಗೆ ತಿರುಗಿಸಿ ಪೆನ್ನು ಚಾಚಿದರು.

“ಪೆನ್ನ ನೀವ ಇಟ್ಕೋರಿ ಸರ್ರ. ನನ್ನ ಕೈ ಉರಿ ಅದಾವು,” ಎಂದಳು ಶೇಖವ್ವ. “ಹೆಬ್ಬಟ್ಟ ಒತ್ತಿ ಹೋಗ್ತೇನಿ. ಆಮ್ಯಾಲೆ ಆ ಹಾಳಿಗಿ ಯಾರೂ ಕೈ ಹಚ್ಚಬ್ಯಾಡ್ರಿ.”

ಮಾಸ್ತರರು ನಕ್ಕು ಹೆಬ್ಬಟ್ಟು ಒತ್ತಿಸಿಕೊಂಡರು. ಮಧ್ಯಾಹ್ನ ಹಳೆಯ ರೂಢಿಯಂತೆ ಬೆರಳನ್ನು ನಾಲಗೆಗೆ ಹಚ್ಚಿ ರಜಿಸ್ಟರಿನ ಹಾಳೆ ತಿರುವಿದರು. ಮತ್ತೆ ಹಚ್ಚಿದರು, ಮತ್ತೆ ತಿರುವಿದರು. ಆಮೇಲೆ ಮೂರು ತಂಬಿಗೆ ನೀರು ಕುಡಿದರೂ ತುಟಿಯ ಉರಿ ಇಳಿಯಲಿಲ್ಲ. ಆ ಹೆಂಗಸು ಹೇಳಿದ್ದು ಮಾತಿನ ಅಲಂಕಾರವಲ್ಲ ಎಂಬುದು ಅವರಿಗೆ ಅಂದು ತಿಳಿಯಿತು.

ಮೆಣಸಿನಕಾಯಿಯ ತೊಟ್ಟಿಗೆ ಬ್ಯಾಡಗಿಯವರು ತುಂಬು ಎನ್ನುತ್ತಾರೆ. ಒಣಗಿದ ಕಾಯಿಯನ್ನು ಒಂದೊಂದಾಗಿ ಹಿಡಿದು ತುಂಬು ಮುರಿದು ಚೆಲ್ಲುವುದು ಹೆಂಗಸರ ಕೆಲಸ. ನಮ್ಮ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ವ್ಯಾಪಾರಸ್ಥರು ಹೇಳಿಕೊಳ್ಳುವುದುಂಟು. ಹಾಗೆ ಹೇಳುವವರು ಮುಂಜಾನೆಯಿಂದ ಸಂಜೆಯವರೆಗೆ ರಾಶಿಯ ಮುಂದೆ ಕುಳಿತು ತುಂಬು ಬಿಡಿಸಿ, ಮನೆಗೆ ಹೋಗಿ ಕಣ್ಣುಜ್ಜಿಕೊಂಡು ನೋಡಬೇಕು. ಶೇಖವ್ವ ಕರ್ಜಗಿಯ ಮಗಳು. ಮದುವೆಯಾಗಿ ಬಂದ ಮರುವರ್ಷದಿಂದ ಈ ಕೆಲಸಕ್ಕೆ ಕುಳಿತವಳು. ಗಂಡ ಲಕ್ಷ್ಮಪ್ಪ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದನು. ಚೀಲ ಹೊತ್ತು ಹೊತ್ತು ನಡು ಹಿಡಿದ ಮೇಲೆ ಒಂದು ಕೋಲ್ಡ್ ಸ್ಟೋರೇಜಿನ ಗೇಟು ಕಾಯಲು ನಿಂತನು. ಕೂಸಾಗಿದ್ದಾಗಿನಿಂದ ದುರ್ಗಾಳ ಮುಖ ತೊಳೆಯುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಎಲ್ಲವೂ ಅವನದೇ ಕೆಲಸ. ಊರವರು ಅವನನ್ನು ನಗುತ್ತಿದ್ದರು. ಅವನೂ ಅವರ ಜೊತೆಗೆ ನಗುತ್ತಿದ್ದನು.

ದುರ್ಗಾಳಂಥ ವಿದ್ಯಾರ್ಥಿನಿ ಮಾಸ್ತರರಿಗೆ ಮೂವತ್ತಾರು ವರ್ಷಗಳ ನೌಕರಿಯಲ್ಲಿ ಮೂರು ನಾಲ್ಕು ಸಲ ಸಿಕ್ಕಿರಬೇಕು. ಲೋಪಸಂಧಿಯನ್ನು ಹೇಳಿಕೊಟ್ಟ ದಿನ, ಲೋಪವಾದ ಸ್ವರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವಳು ಅವಳೊಬ್ಬಳೇ. ಮಾಸ್ತರರು ನಿವೃತ್ತರಾದ ಮೇಲೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಓದಿದಳು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಪರೀಕ್ಷೆ ಬರೆದು, ಕೃಷಿ ಕಾಲೇಜಿನಲ್ಲಿ ಸೀಟು ಗಳಿಸಿದಳು. ಊರು ಬಿಟ್ಟು ವಸತಿಗೃಹದಲ್ಲಿದ್ದು ನಾಲ್ಕು ವರ್ಷ ಓದಬೇಕು. ಅದಕ್ಕೆ ಮನೆಯ ಶಕ್ತಿ ಸಾಲದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಗ ಮಾಸ್ತರರಿಗೆ ಸುಭಾಷನ ನೆನಪಾಯಿತು. ಸುಭಾಷ ಅವರ ಹಳೆಯ ಶಿಷ್ಯ. ತಾಯಿ ತೀರಿಕೊಂಡ ವರ್ಷ ಹತ್ತು ತಿಂಗಳು ಮಾಸ್ತರರ ಮನೆಯಲ್ಲಿಯೇ ಉಂಡು ಓದಿದವನು. ಈಗ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ವಿದ್ಯಾರ್ಥಿವೇತನ ಕೊಡುವ ವಿಭಾಗದ ಅಧಿಕಾರಿಯಾಗಿದ್ದನು. ಆ ಕಂಪನಿಯ ವೇತನದಲ್ಲಿ ಎರಡು ಬಗೆ: ದೇಶದಲ್ಲಿಯೇ ಓದುವವರಿಗೆ ಒಂದು, ಪರದೇಶಕ್ಕೆ ಹೋಗುವವರಿಗೆ ಒಂದು. ದುರ್ಗಾಳಿಗೆ ಮೊದಲನೆಯದು ಸಾಕಾಗಿತ್ತು. ಮಾಸ್ತರರು ತಾವೇ ಅರ್ಜಿ ತುಂಬಿದರು. ಹದಿನೈದು ದಿನಕ್ಕೆ ಸುಭಾಷನ ಫೋನು ಬಂದಿತು: ಗುರುವಾರ ಮನೆ ನೋಡಲು ಬರುತ್ತೇವೆ.

ಮಾಸ್ತರರು ಓಣಿಗೆ ಹೋಗಿ ಆ ಮಾತನ್ನು ಹಾಗೆಯೇ ತಿಳಿಸಿದರು. “ಗುರುವಾರ ನಿಮ್ಮ ಮನಿ ನೋಡಾಕ ಬರ್ತಾರ ಶೇಖವ್ವ. ದೊಡ್ಡ ಮಂದಿ. ನೆಟ್ಟಗಿರ್ಲಿ,” ಎಂದರು. ತಪ್ಪು ಆದದ್ದು ಅಲ್ಲಿ. ನಮ್ಮ ಸೀಮೆಯಲ್ಲಿ ಮನೆ ನೋಡಲು ಬರುವವರು ಬೀಗರು. ಹೆಣ್ಣು ಕೊಡುವುದಕ್ಕೋ ತರುವುದಕ್ಕೋ ಮೊದಲು ಬಂದು ಕುಳಿತು, ಚಹಾ ಕುಡಿದು, ಗೋಡೆ ತೊಲೆ ನೋಡಿ ಹೋಗುತ್ತಾರೆ. ಆ ದಿನ ಇಲ್ಲದ್ದನ್ನು ತಂದಾದರೂ ಇಟ್ಟು ಮನೆಯ ಮಾನ ಕಾಯುವುದು ನೆರೆಯವರ ಧರ್ಮ. ವ್ಯಾಕರಣ ಕಲಿಸಿ ಮುದುಕರಾದ ಮಾಸ್ತರರಿಗೆ ಒಂದು ಮಾತಿಗೆ ಎರಡು ಅರ್ಥವಿರುವುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಗುರುವಾರ ಅವರು ಹೋಗಿ ನೋಡಿದರೆ ಗುರುತೇ ಸಿಗದ ಮನೆ. ಪೆಂಡಾಲು ಬಾಡಿಗೆ ಕೊಡುವ ಫಕ್ರುದ್ದೀನ ಆರು ಕೆಂಪು ಕುರ್ಚಿ ಇಳಿಸಿದ್ದನು. ಅವನ ಹೆಂಡತಿ ಬೇನಜೀರ ಹಬ್ಬಕ್ಕೆ ಮಾತ್ರ ತೆಗೆಯುವ ಬಂಗಾರದ ಅಂಚಿನ ಗಾಜಿನ ಕಪ್ಪುಗಳನ್ನು ತಂದು ತೊಳೆಯುತ್ತಿದ್ದಳು. ಯಾರದೋ ಟಿವಿ, ಯಾರದೋ ಮಿಕ್ಸರು ಗೂಡಿನಲ್ಲಿ ಕುಳಿತಿದ್ದವು. ಪಕ್ಕದ ಮನೆಯ ಮಂಗಳವ್ವ ತನ್ನ ಬಂಗಾರದ ಬೋರಮಾಳವನ್ನೇ ಬಿಚ್ಚಿ ಶೇಖವ್ವನ ಕೊರಳಿಗೆ ಹಾಕಿ, ಬರಿಗೊರಳಲ್ಲಿ ಕುಳಿತರೆ ಓಣಿಯ ಮಾನ ಏನಾದೀತು ಎಂದು ಗದರುತ್ತಿದ್ದಳು. ಮಾಸ್ತರರಿಗೆ ಅದನ್ನು ಕಂಡು ಹೃದಯ ತುಂಬಿ ಬಂದಿತೇ ಹೊರತು ಅಪಾಯ ಕಾಣಲಿಲ್ಲ.

ಸುಭಾಷನ ಜೊತೆಗೆ ಬೆಂಗಳೂರಿನಿಂದ ಬಂದ ಒಬ್ಬ ತರುಣಿ ಇದ್ದಳು. ಅವಳು ಕೂಡ್ರಲಿಲ್ಲ. ಕೈಯಲ್ಲಿನ ಹಲಗೆಯಂಥ ಫೋನಿನ ಮೇಲೆ ಬೆರಳಾಡಿಸುತ್ತ, ಕುರ್ಚಿ ಎಷ್ಟು, ಟಿವಿ ಇದೆಯೇ, ಮಿಕ್ಸರು ಇದೆಯೇ, ಬಂಗಾರ ಎಷ್ಟು ತೊಲ ಎಂದು ಕೇಳುತ್ತ ಹೋದಳು. ಬೀಗರು ಹೀಗೆ ಬಾಯಿ ಬಿಟ್ಟು ಕೇಳುವುದಿಲ್ಲ. ಆದರೂ ಬೆಂಗಳೂರಿನ ರೀತಿಯೇ ಹೀಗಿರಬೇಕೆಂದು ಶೇಖವ್ವ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟಳು. ಬೋರಮಾಳದ ಮಾತು ಬಂದಾಗ ಬಾಗಿಲಲ್ಲಿ ನಿಂತಿದ್ದ ಮಂಗಳವ್ವನ ಮುಖ ನೋಡಿದಳು. ಕೊಟ್ಟವಳ ಎದುರಿಗೆ ಇದು ಎರವಲು ಎಂದು ಹೇಗೆ ಹೇಳುವುದು? ನಾಲ್ಕು ತೊಲ ಎಂದಳು.

ಸುಭಾಷನಿಗೆ ಎಲ್ಲವೂ ಗೊತ್ತಾಗಿತ್ತು. ಇದೇ ಮಣ್ಣಿನಲ್ಲಿ ಹುಟ್ಟಿದವನು. ಅವನ ಅಕ್ಕನ ಮದುವೆಗೆ ಮನೆ ನೋಡಲು ಬೀಗರು ಬಂದಾಗ ಮಾಸ್ತರರ ಮನೆಯ ಹಿತ್ತಾಳೆಯ ಹಂಡೆಯನ್ನು ಹೊತ್ತುಕೊಂಡು ಹೋದವನು ಅವನೇ. ಅವನು ಬೇನಜೀರಳ ಕಪ್ಪಿನಲ್ಲಿ ಚಹಾ ಕುಡಿದು, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟನು. ತರುಣಿ ಬರೆದುಕೊಂಡದ್ದನ್ನು ತಿದ್ದಿಸದೆ ಹೊರಟನು.

ಮರುವಾರ ದುರ್ಗಾಳ ಫೋನಿಗೆ ಸಂದೇಶ ಬಂದಿತು: ನಿಮ್ಮ ಕುಟುಂಬದ ಸ್ಥಿತಿಯು ನಿಗದಿತ ಮಿತಿಗಿಂತ ಮೇಲಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗದ್ದಕ್ಕೆ ವಿಷಾದಿಸುತ್ತೇವೆ. ಅರ್ಥ ಹೇಳಿಸಿಕೊಂಡ ಮಂಗಳವ್ವ ತನ್ನ ಬೋರಮಾಳ ಹಿಡಿದು, “ಐವತ್ತು ವರ್ಸ ಹಾಕ್ಕೊಂಡ್ರೂ ಇದು ನನ್ನ ಶ್ರೀಮಂತಿ ಮಾಡ್ಲಿಲ್ಲ. ನಿನ್ನ ಒಂದು ತಾಸಿನ್ಯಾಗ ಮಾಡಿತಲ್ಲವಾ ಶೇಖಿ,” ಎಂದಳು. ಓಣಿಯವರೆಲ್ಲ ನಕ್ಕರು. ದುರ್ಗಾ ನಗಲಿಲ್ಲ.

ಮಾಸ್ತರರು ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋದರು. ಕಂಪನಿಯ ಕಚೇರಿಯಲ್ಲಿ ಎಸಿಯ ತಂಪು, ನೆಲದಲ್ಲಿ ಮುಖ ಕಾಣುವಂಥ ಹೊಳಪು. ಗೋಡೆಯ ತುಂಬ ಬಡಮಕ್ಕಳ ದೊಡ್ಡ ದೊಡ್ಡ ಚಿತ್ರಗಳು. ಒಂದರ ಕಾಲಲ್ಲಿಯೂ ಚಪ್ಪಲಿ ಇಲ್ಲ. ಒಂದು ಮೂಲೆಯಲ್ಲಿ ಆ ವರ್ಷ ಪರದೇಶಕ್ಕೆ ಹೋಗುವವರ ಹೆಸರು ಹಚ್ಚಿದ್ದರು. ಮೊದಲನೆಯ ಹೆಸರು ಮನೋಹರ. ಕಂಪನಿಯ ಬೀಜವನ್ನು ಜಿಲ್ಲೆಗೆಲ್ಲ ಮಾರುವ ದೊಡ್ಡ ಏಜಂಟರ ಮಗ. ಅವನೂ ಮಾಸ್ತರರ ಕೈಯಲ್ಲಿ ಕಲಿತವನೇ. ಏಳನೆಯ ಇಯತ್ತೆಯಲ್ಲಿ ‘ಕೃಷಿ’ಯನ್ನು ‘ಕ್ರುಶಿ’ ಎಂದು ಬರೆದು ಬೆತ್ತದ ಪೆಟ್ಟು ತಿಂದಿದ್ದನು. ಅವರ ಮನೆಯ ಅಂಗಳದಲ್ಲಿ ನಿಲ್ಲುವ ಕಾರುಗಳನ್ನು ಊರೆಲ್ಲ ಬಲ್ಲದು.

ಮಾಸ್ತರರು ಮೊದಲು ಶೇಖವ್ವನ ಮನೆಯ ಸಾಮಾನಿನ ನಿಜ ಹೇಳಿದರು. ಸುಭಾಷ ತಲೆದೂಗಿ, ಅದು ತನಗೆ ಅಂದೇ ತಿಳಿದಿತ್ತೆಂದನು. ಆಗ ಮಾಸ್ತರರು ಮೂಲೆಯ ಪಟ್ಟಿಯ ಕಡೆಗೆ ಬೆರಳು ತೋರಿಸಿದರು.

“ಮನೋಹರನ ಮನಿಗಿ ಹೋಗಿ ಕುರ್ಚಿ ಎಣಿಸಿ ಬಂದ್ಯೇನೋ?”

“ಅದು ಪ್ರತಿಭಾ ಪಟ್ಟಿರಿ ಸರ್,” ಎಂದನು ಸುಭಾಷ. “ಅಲ್ಲಿ ಮನಿ ನೋಡೂದಿಲ್ಲ.”

ಅದನ್ನು ಅವನು ನಾಚಿಕೆಯಿಂದ ಹೇಳಿದ್ದರೆ ಮಾಸ್ತರರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವನು ನಿಯಮವನ್ನು ಬಲ್ಲ ಜಾಣನಂತೆ ಹೇಳಿದನು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ದುರ್ಗಾಳ ಅರ್ಜಿಯನ್ನು ಮತ್ತೆ ತೆರೆಯುವ ದಾರಿಯೊಂದು ಇದೆ ಎಂದನು. ವಾರ್ಷಿಕ ಸಮಾರಂಭಕ್ಕೆ ಕಂಪನಿಗೆ ಒಂದು ಚಿಕ್ಕ ವಿಡಿಯೋ ಚಿತ್ರ ಬೇಕಾಗಿತ್ತು. ತುಂಬು ಬಿಡಿಸುವ ತಾಯಿ, ಓದುವ ಮಗಳು. ಶೇಖವ್ವ ಒಪ್ಪಿದರೆ ಮನೆ ನೋಡಿದ ವರದಿಯನ್ನು ತಾನು ತಿದ್ದಿಸುವೆನು. ಕುರ್ಚಿಗಳನ್ನು ಮಾತ್ರ ಅಂದು ತರಿಸಬಾರದು.

ಮಾಸ್ತರರು ಉಗುಳಿ ಬರಬೇಕಿತ್ತು. ಬರಲಿಲ್ಲ. ದುರ್ಗಾಳ ಸೀಟಿಗೆ ಹಣ ಕಟ್ಟುವ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿದ್ದವು. ಅವರೇ ಹೋಗಿ ಶೇಖವ್ವನನ್ನು ಒಪ್ಪಿಸಿದರು.

ಸುಭಾಷ ಕರೆತಂದ, ಚಿತ್ರ ತೆಗೆಯುವ ತರುಣ ಬೆಂಗಳೂರಿನವನು. ಬಂದವನೇ ಮನೆಯನ್ನು ಒಮ್ಮೆ ನೋಡಿ, ಗೋಡೆಗೆ ಹೊಸದಾಗಿ ಸುಣ್ಣ ಬಳಿದದ್ದಕ್ಕೆ ಬೇಸರಪಟ್ಟನು. ಹರಿದ ಸೀರೆ ಇದೆಯೇ ಎಂದು ಕೇಳಿದನು. ಹರಿದದ್ದನ್ನೆಲ್ಲ ಹೊಲಿದೇ ಇಡುವ ಮನೆ ಅದು. ಹರಿದ ಸೀರೆ ಇರಲಿಲ್ಲ. ಹಾಗಾದರೆ ಹೊಲಿಗೆ ಕಾಣುವಂತೆ ಸೆರಗನ್ನು ತಿರುಗಿಸಿ ಹೊದೆಯಲು ಹೇಳಿದನು. ಶೇಖವ್ವ ತಿರುಗಿಸಿದಳು. ಹೊಸಿಲ ಮೇಲೆ ಕುಳಿತಿದ್ದ ಲಕ್ಷ್ಮಪ್ಪನನ್ನು ಕಂಡು, ಯಾರೆಂದು ಕೇಳಿ ತಿಳಿದು, ತಂದೆ ಇಲ್ಲ ಎಂದಿದ್ದರೆ ಕಥೆ ಚೆನ್ನಾಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಆಚೆ ಇರಲಿ ಎಂದನು. ಲಕ್ಷ್ಮಪ್ಪ ಎದ್ದು ಫಕ್ರುದ್ದೀನನ ಕಟ್ಟೆಗೆ ಹೋದನು. ಬೇನಜೀರ ಚಹಾ ಕೊಟ್ಟಳು.

“ಸತ್ತಾಂವ ಚಾ ಕುಡದ್ರ ನಡಿತೈತೇನ ತಂಗಿ?” ಎಂದು ಅವಳನ್ನು ಕೇಳಿದನು.

ಬೇನಜೀರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮಾಸ್ತರರಿಗೆ ನಗು ಬರಲಿಲ್ಲ. ಅವರು ಶೇಖವ್ವನ ಬಾಗಿಲಿಗೆ ಮರಳಿದರು.

ಒಳಗೆ ಅರ್ಧ ಚೀಲ ಕಾಯಿ ಸುರಿದು ಶೇಖವ್ವನನ್ನು ಕೂಡ್ರಿಸಿದರು. ಅವಳು ತುಂಬು ಬಿಡಿಸಲಾರಂಭಿಸಿದಳು. ಕೆಲಸ ಕೈಗೆ ಹತ್ತಿದ ಮೇಲೆ ಅವಳು ಕ್ಯಾಮರಾವನ್ನು ಮರೆತಳು. ಬೆರಳುಗಳು ತಾವೇ ಓಡಿದವು. ಕೆಂಪು ಧೂಳು ಮುಂಗೈಯವರೆಗೆ ಏರಿತು. ತರುಣ ಬಹಳ ಸಂತೋಷಗೊಂಡು ಆ ಕೈಗಳನ್ನೇ ಕಾಲು ತಾಸು ತೆಗೆದನು. ಆಮೇಲೆ ದುರ್ಗಾಳನ್ನು ಪಕ್ಕಕ್ಕೆ ಕೂಡ್ರಿಸಿ, ಓದು ನಿಂತುಹೋದರೆ ಏನು ಮಾಡುವೆ ಎಂದು ಕೇಳಿದನು. ಹುಡುಗಿ ಸಂದೇಶ ಬಂದ ದಿನದಿಂದ ಅದನ್ನೇ ನುಂಗಿಕೊಂಡಿದ್ದವಳು. ಕೇಳಿದ್ದೇ ತಡ, ನಿಜವಾಗಿಯೇ ಅತ್ತುಬಿಟ್ಟಳು.

“ಸೂಪರ್. ಅಮ್ಮಾ, ಈಗ ಮಗಳ ಕಣ್ಣು ಒರೆಸಿ,” ಎಂದನು ತರುಣ.

ಶೇಖವ್ವ ಕೈಗಳನ್ನು ದೂರ ಹಿಡಿದು, ಬಗ್ಗಿ, ತೋಳಿನಿಂದ ಒರಸಿದಳು.

“ಹಾಗಲ್ಲ. ಕೈಯಿಂದ ಒರೆಸಿ. ಆ ಕೆಂಪು ಕೈ ಮುಖದ ಮೇಲೆ ಬರ್ಬೇಕು.”

“ನಾವು ಹಿಂಗ ಒರಸೂದ್ರಿ.”

“ಅದು ಚೆನ್ನಾಗಿ ಕಾಣಲ್ಲಮ್ಮಾ. ಬ್ಯಾಡಗಿ ಮೆಣಸಿನಕಾಯಿ ಖಾರ ಇರಲ್ಲ ಅಂತಾರಲ್ಲ, ಒಂದ್ಸಲ ಅಷ್ಟೇ.”

ಶೇಖವ್ವ ಅವನನ್ನು ಬಿಟ್ಟು ಸುಭಾಷನ ಮುಖ ನೋಡಿದಳು, ಅವನಾದರೂ ತಿಳಿದವನು ಹೇಳಿಯಾನೆಂದು. ಸುಭಾಷನ ತಾಯಿಯೂ ಬದುಕಿರುವತನಕ ಇದೇ ಮಾರುಕಟ್ಟೆಯಲ್ಲಿ ತುಂಬು ಬಿಡಿಸಿದವಳು. ಅವನು ಕೈಗಡಿಯಾರ ನೋಡಿಕೊಂಡನು.

“ಒಂದ ಸಲ ಯಕ್ಕಾ,” ಎಂದನು. “ಆಮ್ಯಾಲೆ ಕಣ್ಣಿಗಿ ನೀರ ಗೊಜ್ಜಿದ್ರ ಆತು.”

ದುರ್ಗಾ ತಾಯಿಯ ಕಡೆಗೆ ಮುಖ ಒಡ್ಡಿ ಕಣ್ಣು ಮುಚ್ಚಿದಳು. “ಒರಸಿಬಿಡಬೇ ಯವ್ವಾ. ನಾ ಗಟ್ಟಿ ಮುಚ್ಚೇನಿ,” ಎಂದಳು. ಮಾಸ್ತರರು ಬಾಗಿಲ ಹತ್ತಿರ ನಿಂತಿದ್ದರು. ಆ ಹೊತ್ತಿನಲ್ಲಿ ತಮ್ಮ ಬಾಯಿಂದಲೂ, ಒಂದು ಸಲ ಒರಸಿಬಿಡು ಶೇಖವ್ವ, ಸೀಟು ಉಳಿದೀತು ಎಂಬ ಮಾತು ಬಂದುದನ್ನು ಅವರು ಇಂದಿಗೂ ಮರೆತಿಲ್ಲ. ಸುಭಾಷನ ಮೇಲೆ ಹೇಸಿಕೆ ಪಡಲು ಕುಳಿತಾಗಲೆಲ್ಲ ಆ ಮಾತು ಅಡ್ಡ ಬಂದು ನಿಲ್ಲುತ್ತದೆ.

ಶೇಖವ್ವ ಎದ್ದು ನಿಂತಳು. ಮಡಿಲಲ್ಲಿದ್ದ ಕಾಯಿಗಳು ನೆಲಕ್ಕೆ ಬಿದ್ದವು.

“ಹುಟ್ಟಿದಾಗಿಂದ ಈ ಕೈಲೆ ಆಕಿ ಮಾರಿ ಮುಟ್ಟಿಲ್ಲ ನಾ,” ಎಂದಳು. ದನಿ ಏರಿಸಲಿಲ್ಲ. “ಮುಟ್ಟಬೇಕಂತ ಎಷ್ಟ ಆಸೆ ಆಗೇತಿ ನನಗ ಗೊತ್ತು. ಇವತ್ತು ನಿಮ್ಮ ಫೋಟೋಕ್ಕ ಮುಟ್ಟಲೇನು? ನಡೀರಿ ಸಾಹೇಬ್ರ, ಕಾಯಿ ಕಟ್ಕೊಂಡ ನಡೀರಿ.”

ತರುಣ, ಇಷ್ಟು ಸಾಕು, ಕೈ ಸಿಕ್ಕಿದೆ ಎಂದು ಸುಭಾಷನಿಗೆ ಹೇಳಿ ಸಾಮಾನು ಕಟ್ಟಿದನು. ಪಟ್ಟಿಯಲ್ಲಿ ದುರ್ಗಾಳ ಹೆಸರು ಬರಲಿಲ್ಲ. ಓಣಿಯವರು ಕೈಲಾದಷ್ಟು ಕೂಡಿಸಲು ನೋಡಿದರು. ಮಾಸ್ತರರೂ ತಮ್ಮದನ್ನು ಸೇರಿಸಿದರು. ಅದು ಮೊದಲ ವರ್ಷದ ಅರ್ಧಕ್ಕೂ ಸಾಲಲಿಲ್ಲ. ಸೀಟು ಹೋಯಿತು.

ಸಮಾರಂಭ ಹಾವೇರಿಯಲ್ಲಿ ನಡೆಯಿತು. ಮಾಸ್ತರರನ್ನು ಕರೆದು ವೇದಿಕೆಯ ಮೇಲೆ ಕೂಡ್ರಿಸಿ ಶಾಲು ಹೊದಿಸಿದರು. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕೊಂದನ್ನು ಮನೋಹರ ಮತ್ತು ಅವನ ತಂದೆ ಆ ತುದಿ ಈ ತುದಿ ಹಿಡಿದು ನಿಂತರು. ಶಿಕ್ಷಣವೆಂಬ ಬೀಜವನ್ನು ಬಿತ್ತುತ್ತಿದ್ದೇವೆ ಎಂದು ಒಬ್ಬರು ಹೇಳಿದರು; ಎರಡನೆಯವರೂ ಅದನ್ನೇ ಹೇಳಿದರು. ಆಮೇಲೆ ದೀಪ ಆರಿಸಿ ಚಿತ್ರ ತೋರಿಸಿದರು. ಪರದೆಯ ತುಂಬ ಶೇಖವ್ವನ ಕೈಗಳು, ಓಡುವ ಬೆರಳುಗಳು, ಮುಂಗೈಯವರೆಗಿನ ಕೆಂಪು. ಮರುಕ್ಷಣದಲ್ಲಿ ಯಾವಳೋ ಗುರುತಿಲ್ಲದ ಹುಡುಗಿ ಅಳುತ್ತಿದ್ದಾಳೆ. ಯಾರದೋ ಬಣ್ಣ ಹಚ್ಚಿದ ಕೈಯೊಂದು ಬಂದು ಅವಳ ಎರಡೂ ಕಣ್ಣುಗಳನ್ನು ಅಂಗೈಯಿಂದ ಒರಸುತ್ತಿದೆ. ಮುಂದಿನ ಸಾಲಿನವರು ಕರವಸ್ತ್ರ ತೆಗೆದರು.

ಹಿಂದಿನ ಸಾಲುಗಳಲ್ಲಿ, ಜನ ತುಂಬಿಸಲು ಬ್ಯಾಡಗಿಯಿಂದ ಕಂಪನಿಯ ಬಸ್ಸಿನಲ್ಲಿ ಕರೆತಂದ ತುಂಬು ಬಿಡಿಸುವ ಹೆಂಗಸರು ಇದ್ದರು. ಅಲ್ಲಿಂದ ಮೊದಲು ಒಂದು ಕಿಸಕ್ ಎಂಬ ಸದ್ದು ಬಂದಿತು. ಆಮೇಲೆ ಮಂಗಳವ್ವನ ದನಿ ಇಡೀ ಸಭಾಭವನಕ್ಕೆ ಕೇಳಿಸಿತು.

“ಯಾವಾಕಿ ಆಕಿ ತಾಯಿ? ಹುಡುಗಿ ಕಣ್ಣ ಹ್ವಾದ್ವಲ್ಲವಾ.”

ಹಿಂದಿನ ಸಾಲುಗಳೆಲ್ಲ ನಕ್ಕವು. ಕರವಸ್ತ್ರ ಹಿಡಿದವರು ಹಿಂದಿರುಗಿ ನೋಡಿ, ಹಳ್ಳಿಯವರಿಗೆ ಭಾವನೆ ಇರುವುದಿಲ್ಲವೆಂಬಂತೆ ತಲೆ ಆಡಿಸಿದರು. ಮಾಸ್ತರರು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಇಳಿದು ಬಂದರು. ಸುಭಾಷ ಬಸ್ ನಿಲ್ದಾಣದವರೆಗೆ ಓಡಿ ಬಂದು, ಮರೆತಿರಿ ಸರ್ ಎಂದು ಅದನ್ನು ಮತ್ತೆ ಅವರ ಕೈಗಿಟ್ಟನು. ಈಗ ಅವನು ಹುಬ್ಬಳ್ಳಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದಾನೆ. ದಿನಾಲು ಮುಂಜಾನೆ ಗುಲಾಬಿ ಹೂವಿನ ಚಿತ್ರದೊಡನೆ ಶುಭೋದಯ ಕಳಿಸುತ್ತಾನೆ. ಮಾಸ್ತರರು ಅದನ್ನು ತೆರೆಯುವುದಿಲ್ಲ.

ದುರ್ಗಾ ಈಗ ಹಾವೇರಿಯ ಸರಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಕೃಷಿ ಕಾಲೇಜಿನ ಮಾತನ್ನು ಅವಳು ಎತ್ತುವುದಿಲ್ಲ. ಸೀಟು ಹೋದ ಮೇಲೆ ಮೂರು ತಿಂಗಳು ಅವಳು ತಾಯಿಯೊಡನೆ ನೆಟ್ಟಗೆ ಮಾತಾಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಶೇಖವ್ವ ಅದಕ್ಕೆ ಮಗಳನ್ನು ಬಯ್ಯಲಿಲ್ಲ.

ಕಳೆದ ಸುಗ್ಗಿಯಲ್ಲಿ ಮಾಸ್ತರರು ಅರ್ಧ ಕೆಜಿ ಡಬ್ಬಿ ಜಾತಿಯ ಮೆಣಸಿನಕಾಯಿ ತರಲು ಮಾರುಕಟ್ಟೆಗೆ ಹೋಗಿದ್ದರು. ದಲಾಲಿ ಅಂಗಡಿಯ ಗೋಡೆಯ ಮೇಲೆ ಆ ಬೀಜದ ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ಆ ತಿಂಗಳ ಹಾಳೆಯಲ್ಲಿ ಕೆಂಪಾದ ಎರಡು ಕೈಗಳು, ಕೆಳಗೆ ಕಂಪನಿಯ ಹೆಸರು. ಅದರ ಕೆಳಗೇ ರಾಶಿಯ ಮುಂದೆ ಶೇಖವ್ವ ಕುಳಿತಿದ್ದಳು. ಗೋಡೆಯ ಕಡೆಗೆ ಅವಳು ನೋಡುತ್ತಿರಲಿಲ್ಲ, ದಲಾಲನಿಗೂ ಅದು ಯಾರ ಕೈಯೆಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಅವಳ ನಡುವಿಗೆ ಕಟ್ಟಿದ ಸಂಚಿಯಲ್ಲಿ ಫೋನು ಗುಣುಗುಟ್ಟಿತು.

“ಬರ್ರಿ ಸರ್ರ, ಕುಂದ್ರಿ. ಅದನ್ನಷ್ಟ ತಗದು ನನ್ನ ಕಿವಿಗಿ ಹಿಡೀರಿ,” ಎಂದಳು.

ಮಾಸ್ತರರು ಕಾಯಿಯ ಚೀಲದ ಮೇಲೆ ಕುಳಿತು ಫೋನನ್ನು ಅವಳ ಕಿವಿಗೆ ಹಿಡಿದರು. ಆ ಕಡೆಯಿಂದ ದುರ್ಗಾಳ ದನಿ. ಬಸ್ಸು ತಪ್ಪಿದೆ, ಮುಂದಿನದಕ್ಕೆ ಬರುತ್ತೇನೆ ಎನ್ನುತ್ತಿದ್ದಳು. ಶೇಖವ್ವ, ಉಂಡೆಯೋ ಇಲ್ಲವೋ ಎಂದು ಕೇಳಿದಳು. ಧೂಳಿನಲ್ಲಿ ನಿಲ್ಲಬೇಡ, ಕಣ್ಣು ಕೆಂಪಾಗುತ್ತವೆ ಎಂದಳು. ಅವಳ ಬೆರಳುಗಳು ಅಷ್ಟು ಹೊತ್ತೂ ತುಂಬು ಬಿಡಿಸುತ್ತಲೇ ಇದ್ದವು.